ರೀಲಿಲ್ಲದ ಕ್ಯಾಸೆಟ್ಟಿನಲ್ಲಿ ಹಾಡು ಹೇಗೆ?

ಗದಗದಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಊರು ದಾಟಿದ ಸ್ವಲ್ಪ ಹೊತ್ತಿಗೇ ಬಿಂಕದಕಟ್ಟಿ ಸಿಗುತ್ತದೆ. ಅಲ್ಲಿಯ ಕಿರು ಮೃಗಾಲಯ ನಮ್ಮ ಭಾಗದ ಶಾಲೆಗಳಿಗೆ ಅಚ್ಚುಮೆಚ್ಚಿನ ಪ್ರವಾಸ ತಾಣ. 2006ರ ಡಿಸೆಂಬರಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಎರಡು ಬಾಡಿಗೆ ಕ್ರೂಸರ್‌ಗಳಲ್ಲಿ ಕೂರಿಸಿಕೊಂಡು ನಾವೂ ಹೋಗಿದ್ದೆವು. ನಮ್ಮ ಗಾಡಿಯ ಚಾಲಕ ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಎಂಪಿ3 ಪ್ಲೇಯರ್ ತೆಗೆದ. ಬಾಲದಂತೆ ವೈರು ಇಳಿಬಿಟ್ಟಿದ್ದ ಒಂದು ಕ್ಯಾಸೆಟ್ಟನ್ನು ಡೆಕ್ಕಿಗೆ ತುರುಕಿ, ವೈರಿನ ತುದಿಯನ್ನು ಪ್ಲೇಯರಿಗೆ ಸಿಕ್ಕಿಸಿದ. ಡೊಳ್ಳಿನ ಪದ ಶುರುವಾಯಿತು. ಹಾಡುತ್ತಿದ್ದವರು ಅವನ ತೀರಿಹೋದ ತಂದೆ.

ಮೃಗಾಲಯದ ಗೇಟಿನ ಬಳಿ ಗಾಡಿ ನಿಂತಾಗ ಒಬ್ಬ ಹುಡುಗ ಆ ಕ್ಯಾಸೆಟ್ಟನ್ನು ಹೊರತೆಗೆದು ತಿರುಗಿಸಿ ಮುರುಗಿಸಿ ನೋಡಿದ. "ಸರ್, ಇದರಾಗ ರೀಲ ಇಲ್ರೀ! ಮತ್ತ ಹಾಡ ಎಲ್ಲಿಂದ ಬರ್ತೈತ್ರೀ?" ಎಂದ. "ವೈರಿನಿಂದ ಬರುತ್ತದೆ" ಎಂದು ಹೇಳಿ ಅಂದು ಜಾರಿಕೊಂಡೆ. ಅದು ಉತ್ತರವಾಗಿರಲಿಲ್ಲ. ಆ ಡೆಕ್ಕಿಗೆ ವೈರು ಸಿಕ್ಕಿಸುವ ಕಿಂಡಿಯೇ ಇರಲಿಲ್ಲವಲ್ಲ!

ಸರಿಯಾದ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಧ್ವನಿಮುದ್ರಣದ ಮೊದಲ ದಶಕಗಳಲ್ಲಿ ಯಂತ್ರವಿದ್ದಲ್ಲಿಗೆ ಕೇಳುಗನೇ ಹೋಗಬೇಕಿತ್ತು. ನಮ್ಮ ಗದಗಿನಲ್ಲೇ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗದಲ್ಲಿ ಬೆಳೆದ ಶಾಲಾ ಮಾಸ್ತರರ ಮಗ ಭೀಮಸೇನ ಜೋಶಿ, ಗ್ರಾಮಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ ಕೇಳಿ ಮರುಳಾದರು. 1933ರಲ್ಲಿ, ಹನ್ನೊಂದರ ಹರೆಯದಲ್ಲಿ, ಗುರುವನ್ನು ಹುಡುಕಿ ಮನೆಬಿಟ್ಟು ಹೊರಟರು. ಮುಂದೆ ಇವರಿಗೆ ಕಾರುಗಳ ಹುಚ್ಚೂ ಹಿಡಿಯಿತು. ಕಛೇರಿಗಳಿಗೆ ತಾವೇ ಕಾರು ನಡೆಸಿಕೊಂಡು ಹೋಗುತ್ತಿದ್ದರು. ಆದರೆ ಅವರ ಬಾಲ್ಯದಲ್ಲಿ ಗ್ರಾಮಫೋನನ್ನೂ ಕಾರನ್ನೂ ಒಂದುಗೂಡಿಸುವುದು ಆಗದ ಮಾತಾಗಿತ್ತು. ತಟ್ಟೆಯ ಗೆರೆಯಲ್ಲಿ ಮುಳ್ಳು ನಿಲ್ಲುವುದು ಅದರ ತೂಕದಿಂದ. ಚಕ್ರ ಒಂದು ಕಲ್ಲು ಹತ್ತಿಳಿದರೆ ಸಾಕು, ಮುಳ್ಳು ಹಾರುತ್ತದೆ.

ಆದ್ದರಿಂದ ಕಾರಿಗೆ ಮೊದಲು ಬಂದದ್ದು ತಟ್ಟೆಯಲ್ಲ, ರೇಡಿಯೋ. ಅಮೆರಿಕದ ಗಾಲ್ವಿನ್ ಸಹೋದರರು 1930ರಲ್ಲಿ 'ಮೋಟೊರೋಲಾ' ಎಂಬ ಹೆಸರಿನಲ್ಲಿ ಕಾರು ರೇಡಿಯೋ ಮಾರಾಟಕ್ಕೆ ತಂದರು. 'ಮೋಟಾರು' ಶಬ್ದಕ್ಕೆ ಅಂದಿನ ಗ್ರಾಮಫೋನ್ ಹೆಸರುಗಳ ಬಾಲ ಅಂಟಿಸಿದ ಹೆಸರದು. ವಾಲ್ವುಗಳಿಗೆ ಹೆಚ್ಚಿನ ವೋಲ್ಟೇಜು ಬೇಕಿದ್ದುದರಿಂದ ಅವು ಭಾರವಾದ, ಬಿಸಿಯೇರುವ ಯಂತ್ರಗಳಾಗಿದ್ದವು. 1955ರಲ್ಲಿ ಪೂರ್ಣ ಟ್ರಾನ್ಸಿಸ್ಟರಿನ ಕಾರು ರೇಡಿಯೋ ಪ್ರಕಟವಾದ ಮೇಲೆ ಈ ಕಷ್ಟ ನೀಗಿತು. ನಮ್ಮ ಕಡೆ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಜಿಲ್ಲೆಯ ಮೂಲೆ ಮೂಲೆಗೂ ತಲುಪಿತು. ರೇಡಿಯೋದಲ್ಲಿ ಒಂದೇ ಕೊರತೆ: ಹಾಡನ್ನು ಆರಿಸುವವರು ನಾವಲ್ಲ.

ನಮ್ಮಿಷ್ಟದ ಹಾಡನ್ನು ಕಾರಿನಲ್ಲಿ ಕೇಳುವ ಮೊದಲ ದೊಡ್ಡ ಪ್ರಯತ್ನ 1956ರದು. ಎಲ್.ಪಿ. ತಟ್ಟೆಯನ್ನು ರೂಪಿಸಿದ ಪೀಟರ್ ಗೋಲ್ಡ್‌ಮಾರ್ಕ್ ಅವರೇ ಕ್ರೈಸ್ಲರ್ ಕಾರುಗಳಿಗಾಗಿ 'ಹೈವೇ ಹೈ-ಫೈ' ಎಂಬ ಯಂತ್ರ ಮಾಡಿದರು. ನಿಮಿಷಕ್ಕೆ ಕೇವಲ 16⅔ ಸುತ್ತು ತಿರುಗುವ 7 ಅಂಗುಲದ ತಟ್ಟೆ, ಹಾರದಂತೆ ಬಲವಾಗಿ ಒತ್ತುವ ಮುಳ್ಳು. ಅದಕ್ಕೆ ವಿಶೇಷ ತಟ್ಟೆಗಳೇ ಬೇಕು. ಮನೆಯ ತಟ್ಟೆ ಅದರಲ್ಲಿ ನುಡಿಯದು. ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು. 1960ರ ದಶಕದ ನಡುವಿನಲ್ಲಿ ಬಂದ ಎಂಟು ಪಥಗಳ ಟೇಪು ಅಮೆರಿಕದಲ್ಲಿ ಕೆಲಕಾಲ ಮೆರೆಯಿತು. ಆದರೆ ಲೋಕವನ್ನೇ ಗೆದ್ದದ್ದು ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಅವರ ತಂಡ ರೂಪಿಸಿ, 1963ರಲ್ಲಿ ಬರ್ಲಿನ್ ಮೇಳದಲ್ಲಿ ತೋರಿಸಿದ ಪುಟ್ಟ ಕ್ಯಾಸೆಟ್.

ಕನ್ನಡದಲ್ಲಿ ನಾವು ಅದನ್ನು ಧ್ವನಿಸುರುಳಿ ಎಂದು ಕರೆದೆವು. ಬಹಳ ಸೊಗಸಾದ ಹೆಸರು! 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಧ್ವನಿಸುರುಳಿ ಬಂದ ಬಳಿಕ ಭಾವಗೀತೆಗಳು ಮನೆಮನೆ ಸೇರಿದವು. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ, ಖಾಲಿ ಕ್ಯಾಸೆಟ್ಟಿನಲ್ಲಿ ಯಾರು ಬೇಕಾದರೂ ತಮ್ಮ ದನಿ ಹಿಡಿದಿಡಬಹುದಾಯಿತು. ಗ್ರಾಮಫೋನ್ ಕಂಪನಿಗಳು ಎಂದೂ ಕರೆಯದ ಡೊಳ್ಳಿನ ಮೇಳದವರು, ಬೀಸುವ ಪದದ ಅಜ್ಜಿಯರು ದಾಖಲಾದದ್ದು ಹೀಗೆ. ನಮ್ಮ ಚಾಲಕನ ತಂದೆಯ ಹಾಡನ್ನು ಊರ ಜಾತ್ರೆಯಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದರಂತೆ. ಆ ಒಂದೇ ಪ್ರತಿಯನ್ನು ಮಗ ವರ್ಷಗಟ್ಟಲೆ ಗಾಡಿಯಲ್ಲಿ ಹಾಕಿದ. ಬಿಸಿಲಿಗೆ ನಿಂತ ಗಾಡಿಯ ಕಾವು, ರಸ್ತೆಯ ಧೂಳು, ಟೇಪನ್ನು ಎಳೆಯುವ ರಬ್ಬರ್ ಉರುಳೆಯ ಕೊಳೆ ಎಲ್ಲ ಸೇರಿ ಒಂದು ದಿನ ರೀಲು ಡೆಕ್ಕಿನೊಳಗೆ ಸುತ್ತಿಕೊಂಡು ಹರಿಯಿತು. ಗದಗದ ಸ್ಟುಡಿಯೋವೊಂದರಲ್ಲಿ ಉಳಿದ 17 ನಿಮಿಷವನ್ನು ಎಂಪಿ3 ಮಾಡಿಸಿಕೊಂಡ.

ಇಲ್ಲಿ ಸಮಸ್ಯೆಯ ತಿರುಳಿದೆ. ಸೋನಿ ವಾಕ್‌ಮನ್ 1979ರಲ್ಲಿ ಬಂದಾಗ ತೊಡಕೇನೂ ಇರಲಿಲ್ಲ, ಅದರ ಕ್ಯಾಸೆಟ್ಟೇ ಕಾರಿಗೂ ಆಗುತ್ತಿತ್ತು. 1982ರಲ್ಲಿ ಸಿ.ಡಿ., 1984ರಲ್ಲಿ ಕೈಯಲ್ಲಿ ಹಿಡಿಯುವ ಸಿ.ಡಿ. ಪ್ಲೇಯರ್ ಬಂದವು. ಜೇಬಿನ ಯಂತ್ರ ಮುಂದೆ ಹೋಯಿತು, ಕಾರಿನ ಡೆಕ್ಕು ಹಿಂದೆ ಉಳಿಯಿತು. ಡೆಕ್ಕಿಗಿದ್ದ ಬಾಗಿಲು ಎರಡೇ: ಒಂದು ಆಂಟೆನಾ, ಇನ್ನೊಂದು ಕ್ಯಾಸೆಟ್ ಹೋಗುವ ಬಾಯಿ. ಎರಡನೆಯದರಿಂದ ಒಳಹೋಗುವ ಉಪಾಯವನ್ನು ಅಮೆರಿಕದ ಎಂಜಿನಿಯರ್ ಲ್ಯಾರಿ ಶಾಟ್ಜ್ 1980ರ ದಶಕದ ಮಧ್ಯದಲ್ಲಿ ರೂಪಿಸಿ 1988ರಲ್ಲಿ ಪೇಟೆಂಟ್ ಪಡೆದರು. ಆ ಹುಡುಗನ ಕೈಯಲ್ಲಿದ್ದದ್ದು ಇದೇ ಕ್ಯಾಸೆಟ್ ಅಡಾಪ್ಟರ್.

ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಡೆಕ್ಕಿನ 'ಹೆಡ್' ಎದುರು ಸಾಗುತ್ತದೆ. 10,000 ಹರ್ಟ್ಸ್ ಆವೃತ್ತಿಯ ನಾದದ ಒಂದು ಅಲೆ ಟೇಪಿನ ಮೇಲೆ ಎಷ್ಟು ಉದ್ದ? ಭಾಗಿಸಿ ನೋಡಿ: 4.76 ಮೈಕ್ರಾನ್. ತಲೆಗೂದಲಿನ ದಪ್ಪದಲ್ಲಿ ಇಂಥ ಹದಿನಾಲ್ಕು ಹದಿನೈದು ಅಲೆಗಳು ಹಿಡಿಸುತ್ತವೆ. ಹೆಡ್ ಎಂದರೆ ಒಂದೆರಡು ಮೈಕ್ರಾನ್ ಸೀಳು ಬಿಟ್ಟ ಕಾಂತೀಯ ತಿರುಳು ಮತ್ತು ಅದಕ್ಕೆ ಸುತ್ತಿದ ತಂತಿಯ ಸುರುಳಿ. ಸೀಳಿನೆದುರು ಕಾಂತೀಯ ಅಭಿವಾಹ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡ ನಿಯಮವೇ. ಗಮನಿಸಬೇಕಾದ್ದೆಂದರೆ, ಆ ಬದಲಾವಣೆ ಚಲಿಸುವ ಟೇಪಿನಿಂದ ಬಂತೋ, ನಿಶ್ಚಲವಾಗಿರುವ ಇನ್ನೊಂದು ಸುರುಳಿಯಿಂದ ಬಂತೋ ಹೆಡ್‌ಗೆ ಗೊತ್ತಾಗದು. ಅಡಾಪ್ಟರಿನಲ್ಲಿ ಟೇಪಿನ ಜಾಗದಲ್ಲಿ ಇನ್ನೊಂದು ಹೆಡ್ ಕೂತಿದೆ. ಪ್ಲೇಯರಿನ ವಿದ್ಯುತ್ ಸಂಕೇತ ಅದರಲ್ಲಿ ಕಾಂತಕ್ಷೇತ್ರವಾಗುತ್ತದೆ, ಎದುರಿನ ಹೆಡ್‌ನಲ್ಲಿ ಅದು ಮತ್ತೆ ವಿದ್ಯುತ್ತಾಗುತ್ತದೆ. ಎರಡೂ ಸೇರಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್!

ಮೇಷ್ಟರುಗಳಿಗೆ ಇನ್ನೊಂದು ಸ್ವಾರಸ್ಯ. ಪ್ರೇರಿತ ವೋಲ್ಟೇಜು ಬದಲಾವಣೆಯ ದರವನ್ನು ಅವಲಂಬಿಸುವುದರಿಂದ ಆವೃತ್ತಿ ಇಮ್ಮಡಿಸಿದರೆ ವೋಲ್ಟೇಜೂ ಇಮ್ಮಡಿಸುತ್ತದೆ. ಆದ್ದರಿಂದ ಡೆಕ್ಕಿನ ವರ್ಧಕ ಮಂದ್ರವನ್ನು ಹೆಚ್ಚಿಸಿ ಸರಿದೂಗಿಸುತ್ತದೆ. ಸಾಮಾನ್ಯ ಟೇಪಿಗೆ ಈ ಸರಿದೂಗಿಸುವಿಕೆ ಸುಮಾರು 1,300 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ, ಏಕೆಂದರೆ ಅದಕ್ಕಿಂತ ಮೇಲಿನ ತಾರ ನಾದ ಟೇಪಿನಲ್ಲೇ ಸೊರಗಿರುತ್ತದೆ. ಅಡಾಪ್ಟರಿನಲ್ಲಿ ಟೇಪೇ ಇಲ್ಲ, ಸೊರಗುವುದೂ ಇಲ್ಲ. ಅದಕ್ಕೆ ತಕ್ಕ ಕಡಿವಾಣ ಹಾಕದ ಅಗ್ಗದ ಅಡಾಪ್ಟರುಗಳಲ್ಲಿ ತಾಳದ ಸದ್ದು ಕಿವಿ ಚುಚ್ಚುತ್ತದೆ.

ಹಾಗಾದರೆ ಒಳಗೆ ಹಲ್ಲುಚಕ್ರಗಳೇಕೆ? ಅವು ಹಾಡಿಗಲ್ಲ, ಡೆಕ್ಕನ್ನು ನಂಬಿಸಲಿಕ್ಕೆ. ರೀಲು ತಿರುಗದಿದ್ದರೆ ಟೇಪು ಮುಗಿಯಿತೆಂದೋ ಸಿಕ್ಕಿಕೊಂಡಿತೆಂದೋ ಭಾವಿಸಿ ಡೆಕ್ಕು ನಿಲ್ಲುತ್ತದೆ, ಇಲ್ಲವೇ ಬದಿ ಬದಲಿಸುತ್ತದೆ. ಚಕ್ರಗಳು ಸುಮ್ಮನೆ ತಿರುಗುತ್ತ 'ಎಲ್ಲ ಸರಿಯಿದೆ' ಎಂದು ಹೇಳುತ್ತಿರುತ್ತವೆ. ಹಾಡು ಸಣ್ಣಗಾದಾಗ ಕೇಳುವ ಕಟಕಟ ಸದ್ದು ಅವುಗಳದೇ.

ಇನ್ನೊಂದು ಬಾಗಿಲು ಆಂಟೆನಾ. ಪುಟ್ಟ ಎಫ್.ಎಂ. ಪ್ರೇಷಕವನ್ನು ಪ್ಲೇಯರಿಗೆ ಜೋಡಿಸಿ 88ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿಯಿರುವ ಕಡೆ ರೇಡಿಯೋ ತಿರುಗಿಸಿದರಾಯಿತು. ಆಕಾಶ ಎಲ್ಲರದೂ ಆದ್ದರಿಂದ ಇದಕ್ಕೆ ಕಾನೂನಿನ ಗೊಡವೆ ಉಂಟು. ಬ್ರಿಟನ್ನಿನಲ್ಲಿ ಇದು ಕಾನೂನುಬದ್ಧವಾದದ್ದು 2006ರ ಡಿಸೆಂಬರಿನಲ್ಲಿ, ಅದೂ ಒಂದು ವ್ಯಾಟಿನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಶಕ್ತಿಯ ಮಿತಿಯೊಳಗೆ.

ಪ್ಲೇಯರನ್ನು ಗಾಡಿಯ ಸಿಗರೇಟ್ ಲೈಟರ್ ಕಿಂಡಿಯಿಂದ ಚಾರ್ಜು ಮಾಡುತ್ತ ಹಾಡು ಹಾಕಿದಾಗ ಸೊಳ್ಳೆಯಂಥ ಗುಂಯ್ ಸದ್ದು ಕೇಳಿ, ಎಕ್ಸಲರೇಟರ್ ಒತ್ತಿದಂತೆ ಅದು ಏರುವುದನ್ನು ನೀವೂ ಕೇಳಿರಬಹುದು. ಎಂಜಿನ್ 1,500 ಸುತ್ತು ತಿರುಗುವಾಗ ಆಲ್ಟರ್ನೇಟರು ಸುಮಾರು 3,000, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ ಎನ್ನೋಣ. ಹನ್ನೆರಡು ಧ್ರುವಗಳ ಮೂರು ಹಂತದ ಯಂತ್ರವಾದರೆ ಸುತ್ತಿಗೆ 36 ಮಿಡಿತ. ಗುಣಿಸಿದರೆ 1,800 ಹರ್ಟ್ಸ್. ವಿದ್ಯುತ್ ಪೂರೈಕೆಯ ವೈರು, ಹಾಡಿನ ವೈರು ಎರಡೂ ಗಾಡಿಯ ಮೈಗೆ ಬೇರೆ ಬೇರೆ ದಾರಿಯಿಂದ ಭೂಸಂಪರ್ಕ ಪಡೆದಾಗ ಈ ಮಿಡಿತ ಹಾಡಿನೊಳಗೆ ನುಸುಳುತ್ತದೆ. ನಮ್ಮ ಚಾಲಕ ಇದನ್ನೆಲ್ಲ ಓದಿದವನಲ್ಲ. ಆದರೆ "ಅಪ್ಪನ ಪದ ಹಚ್ಚಿದಾಗ ಚಾರ್ಜರ್ ತಗದ ಇಡ್ತೀನ್ರೀ" ಎಂದಿದ್ದ.

ಮುಂದೆ ಕಾರಿನ ಯಂತ್ರಗಳಿಗೆ ಆಕ್ಸ್ ಕಿಂಡಿ, ಯುಎಸ್‌ಬಿ, ಬ್ಲೂಟೂತ್ ಬಂದು ಈ ಉಪಾಯಗಳ ಅಗತ್ಯ ತಗ್ಗಿತು. ಆ ಚಾಲಕನೂ ಹೊಸ ಗಾಡಿ ಕೊಂಡ. ಹಳೆಯ ಡೆಕ್ಕನ್ನು ಬಿಚ್ಚಿ, ಅಡಾಪ್ಟರ್ ಸಮೇತ ನಮ್ಮ ಶಾಲೆಗೆ ಕೊಟ್ಟುಹೋದ. ತಂದೆಯ 17 ನಿಮಿಷ ಅವನ ಫೋನಿನಲ್ಲಿದೆ, ಕೇಳಿದ್ದಕ್ಕೆ ನಮಗೂ ಒಂದು ಪ್ರತಿ ಕೊಟ್ಟ.

ಪ್ರಯೋಗಾಲಯದಲ್ಲಿ ಡೆಕ್ಕನ್ನು 12 ವೋಲ್ಟ್ ಬ್ಯಾಟರಿಗೆ, ಒಂದು ಸ್ಪೀಕರಿಗೆ ಜೋಡಿಸಿದ್ದೇವೆ. ಕಬ್ಬಿಣದ ಮೊಳೆಗೆ ಎನಾಮಲ್ ತಂತಿಯನ್ನು ಒಂದಿನ್ನೂರು ಸುತ್ತು ಸುತ್ತಿ, 47 ಓಮ್ ರೋಧಕವನ್ನು ಸರಣಿಯಲ್ಲಿಟ್ಟು ಪ್ಲೇಯರಿನ ಇಯರ್‌ಫೋನ್ ಕಿಂಡಿಗೆ ಕೊಡಬೇಕು. ರೋಧಕ ಮರೆಯಬೇಡಿ, ಪ್ಲೇಯರಿಗೆ ಪೆಟ್ಟಾದೀತು. ರೀಲು ಖಾಲಿ ಮಾಡಿದ ಕ್ಯಾಸೆಟ್ಟಿನ ಚೌಕಟ್ಟೊಂದನ್ನು ಹಾಕಿ ಡೆಕ್ಕನ್ನು ಚಾಲೂ ಮಾಡಿ, ಮೊಳೆಯ ತುದಿಯನ್ನು ಹೆಡ್‌ನತ್ತ ತನ್ನಿ. ಒಂದು ಬೆರಳಗಲ ದೂರವಿರುವಾಗಲೇ ಹಾಡು ಸಣ್ಣಗೆ ಕೇಳತೊಡಗುತ್ತದೆ. ಡೆಕ್ಕು ನಡುವೆ ನಿಂತುಬಿಟ್ಟರೆ ಪೆನ್ಸಿಲಿನಿಂದ ರೀಲಿನ ಗುಬುಟನ್ನು ಒಬ್ಬ ಹುಡುಗ ತಿರುಗಿಸುತ್ತಿರಬೇಕು.