ಚೌರಿ ಕಟ್ಟೂದು ಕಲಿಯಾಕ ರೊಕ್ಕ ಕಟ್ಟೂ ಮುಂಚೆ

ಹೋದ ತಿಂಗಳ ನನ್ನ ತಂಗಿ ಮಗಳು ಫೋನ್ ಮಾಡಿದ್ಲು. "ದೊಡ್ಡವ್ವ, ಹೇರ್ ಎಕ್ಸ್‌ಟೆನ್ಷನ್ ಕೋರ್ಸ್ ಸೇರಬೇಕಂತ ಮಾಡೇನಿ. ಎರಡ ದಿನ ಅಷ್ಟ. ಮೂವತ್ತು ಸಾವಿರ, ಸರ್ಟಿಫಿಕೇಟೂ ಕೊಡ್ತಾರ" ಅಂದ್ಲು. ರೊಕ್ಕ ಎಲ್ಲಿಂದ ತರ್ತಿ ಅಂತ ಕೇಳಿದ್ರ, ಕೈಯಾಗಿನ ಬಂಗಾರದ ಬಳಿ ಅಡವಿಡ್ತೀನಿ ಅಂದ್ಲು. ನಾನು ಬ್ಯಾಡ ಅನ್ನಲಿಲ್ಲ. "ಒಂದ ವಾರ ತಡಿ, ನಾನೂ ಒಂದಿಷ್ಟು ಓದಿ ನೋಡ್ತೀನಿ" ಅಂದೆ. ಓದಿದ್ದು ನಿಮ್ಮ ಮನಿ ಹುಡುಗ್ಯಾರಿಗೂ ಉಪಯೋಗ ಆದೀತು ಅಂತ ಇಲ್ಲೆ ಬರದೀನಿ.

ಹೆಸರು ಇಂಗ್ಲಿಷ್ ಇದ್ರೂ ಕೆಲಸ ನಮಗ ಹೊಸಾದಲ್ಲ. ಅದು ನಮ್ಮ ಚೌರಿನ. ನಮ್ಮವ್ವ ತಲಿ ಬಾಚಿಕೊಂಡಾಗ ಉದುರಿದ ಕೂದಲಾ ಉಂಡಿ ಮಾಡಿ ಗ್ವಾಡಿ ಸಂದ್ಯಾಗ ಸಿಗಸ್ತಿದ್ಲು. ಕೂದಲಾ ಕೊಳ್ಳಾವ್ರು ಓಣಿಗೆ ಬಂದ್ರ ಅದನ್ನ ಕೊಟ್ಟು ಪಿನ್ನು, ಟಿಕಳಿ, ಸ್ಟೀಲ್ ಬಟ್ಟಲ ತಗೊಳ್ಳೂದು. ಲಗ್ನದಾಗ ಮದಿಮಗಳಿಗೆ ಚೌರಿ ಸೇರಿಸಿ, ಹೆರಳು ಹಾಕಿ, ಮೊಗ್ಗಿನ ಜಡಿ ಕಟ್ಟಾಕ ಓಣ್ಯಾಗ ಒಬ್ಬಾಕಿ ಇದ್ದ ಇರ್ತಿದ್ಲು. ಆಕಿ ಯಾವ ಕೋರ್ಸೂ ಮಾಡಿರಲಿಲ್ಲ. ಅತ್ತಿ ಕೈ ನೋಡಿ ಕಲತು, ನಾದಿನಿ ತಲಿ ಮ್ಯಾಲ ಕೈ ಪಳಗಿಸಿದ್ಲು.

ಇನ್ನೂ ಹಿಂದಕ್ಕ ಹೋದ್ರ ಇದು ಭಾಳ ಹಳೇ ವಿದ್ಯಾ. ಈಜಿಪ್ಟ್ ದೇಶದ ಅಮರ್ನಾ ಅನ್ನೋ ಊರಿನ ಗೋರಿಗಳೊಳಗ ಸುಮಾರು 3,300 ವರ್ಷದ ಹಿಂದಿನ ಒಬ್ಬ ಹೆಣ್ಣಮಗಳ ತಲಿ ಸಿಕ್ಕೇತಿ. ಅದರಾಗ ಸುಮಾರು 70 ಕಡೆ ಬ್ಯಾರೆ ಕೂದಲಾ ಸೇರಿಸಿ, ಪದರಪದರಾಗಿ ಕೂಡಿಸ್ಯಾರ. ರೋಮ್ ಸಾಮ್ರಾಜ್ಯದಾಗ ಶ್ರೀಮಂತರ ಹೆಣ್ಣಮಕ್ಕಳು ಸೋತ ಜರ್ಮನ್ ಮಂದಿಯ ಹೊಂಬಣ್ಣದ ಕೂದಲಾ ತಲಿಗೆ ಇಟಗೊಳ್ತಿದ್ರು. ನಮ್ಮ ಕಡಿಂದನೂ ಹೋಗ್ತಿತ್ತು: 2ನೇ ಶತಮಾನದ ಒಂದು ರೋಮನ್ ಸುಂಕದ ಪಟ್ಟಿಯೊಳಗ ಹಿಪ್ಪಲಿ, ಮುತ್ತುಗಳ ಜೊತಿಗೆ ಭಾರತದ ಕೂದಲಿನ ಹೆಸರೂ ಐತಿ. ಓದಿದಾಗ ನಮ್ಮವ್ವನ ಗ್ವಾಡಿ ಸಂದಿ ನೆನಪಾತು ನನಗ.

ಇದನ್ನ ಶಾಲಿ ಕಟ್ಟಿ ಕಲಿಸೂದು ಮಾತ್ರ ಭಾಳ ತಡವಾಗಿ ಬಂತು. 1760ರ ದಶಕದಾಗ ಪ್ಯಾರಿಸ್‌ನಾಗ ಲೆಗ್ರೋ ಅನ್ನಾವ, ಮೊದಲ ಅಡಗಿ ಮಾಡಾವ, ಹೆಣ್ಣಮಕ್ಕಳ ಕೇಶಾಲಂಕಾರದ ಶಾಲಿ ತಗದ. ಗೊಂಬಿ ತಲಿ ಮ್ಯಾಲ ಮಾದರಿ ಮಾಡಿ ತೋರಸ್ತಿದ್ದ. ಆದ್ರ ಶಿಷ್ಯರಿಗೆ ಗೊಂಬಿ ಸಾಲಲಿಲ್ಲ. ತಲಿ ಸಾಲ ಕೊಡಾಕ ಅಂತನ ಹೆಣ್ಣಮಕ್ಕಳು ಬರ್ತಿದ್ರಂತ. ಅವರ ತಲಿ ಮ್ಯಾಲ ಶಿಷ್ಯರು ಕಲೀತಿದ್ರು.

ಈಗ ಪಾರ್ಲರದಾಗ ಮಾಡೂ ಹೊಲಿಗಿ ಪದ್ಧತಿ ಹೆಸರಾಗಿದ್ದು ಅಮೆರಿಕಾದ ಕ್ಲೀವ್‌ಲ್ಯಾಂಡ್ ಊರಾಗ. ಕ್ರಿಸ್ಟಿನಾ ಜೆಂಕಿನ್ಸ್ ಅನ್ನೋ ಕಪ್ಪು ಜನಾಂಗದ ಹೆಣ್ಣಮಗಳು, ಪಿನ್ನು ಕ್ಲಿಪ್ಪು ಜಾರತಾವ ಅಂತ, ಸ್ವಂತ ಕೂದಲಾ ಹೆಣದು ಅದಕ್ಕ ಕೂದಲಿನ ಪಟ್ಟಿ ಹೊಲಿಯೂ ಉಪಾಯ ಕಂಡುಹಿಡಿದ್ಲು. 1952ರಾಗ ಪೇಟೆಂಟ್ ಸಿಕ್ತು. ಬ್ಯಾರೆಯವರಿಗೂ ಕಲಿಸಿದ್ಲು.

ಇನ್ನ ಕೂದಲಿನ ಮಾತು. ತಿರುಮಲದಾಗ ಮುಡಿ ಕೊಟ್ಟ ಕೂದಲಾ ಉದ್ದದ ಪ್ರಕಾರ ವಿಂಗಡಿಸಿ ಹರಾಜು ಹಾಕ್ತಾರ. 31 ಇಂಚು ಮತ್ತ ಅದಕ್ಕೂ ಉದ್ದ ಇದ್ದದ್ದು ಒಂದನೇ ದರ್ಜೆ. ನಮ್ಮ ಕೊಪ್ಪಳದ ಮಗ್ಗಲಿನ ಭಾಗ್ಯನಗರದಾಗ ಎಷ್ಟೋ ಹೆಣ್ಣಮಕ್ಕಳು ಸಿಕ್ಕು ಬಿಡಿಸಿ, ಬಾಚಿ, ಅಳತಿಗೆ ತಕ್ಕಂಗ ಕಟ್ಟು ಕಟ್ಟಿ ಹೊಟ್ಟಿ ಹೊರಕೊಳ್ತಾರ. ಮುಡಿ ಕೂದಲಾ ಬೇರು ಒಂದ ಕಡಿ, ತುದಿ ಒಂದ ಕಡಿ ಇರ್ತಾವ. ಬಾಚಿದ ಉಂಡಿಯೊಳಗ ಎರಡೂ ಕಲತಿರ್ತಾವ. ಗೋದಿ ತೆನಿ ಮ್ಯಾಲ ಕೈ ಆಡಿಸಿ ನೋಡ್ರಿ, ಒಂದ ಕಡಿ ನುಣ್ಣಗ ಜಾರತದ, ತಿರುವಿ ಎಳದ್ರ ಚುಚ್ಚತದ. ಕೂದಲಿಗೂ ಹಂಗ ಸಣ್ಣ ಹೊಪ್ಪಳಿ ಅದಾವ. ದಿಕ್ಕು ಕಲತ ಕೂದಲಾ ಲಗೂನ ಸಿಕ್ಕಾಗತದ. "ರೆಮಿ" ಅಂತ ಹೆಚ್ಚಿಗಿ ರೊಕ್ಕ ಕೇಳೂದು ದಿಕ್ಕು ಕೆಡದ ಕೂದಲಿಗೆ.

ಇಷ್ಟು ಓದಿದ ಮ್ಯಾಲ ನನಗ ತಿಳದದ್ದು ಒಂದ: ಈ ವಿದ್ಯಾ ಎಲ್ಲೆ ಕಲತ್ರೂ ಜೀವಂತ ತಲಿ ಮ್ಯಾಲನ ಕಲೀಬೇಕು. ನಮ್ಮ ಓಣಿ ಹುಡುಗಿ ಒಬ್ಬಾಕಿ ಹಿಂಗ ಎರಡು ದಿನದಾಗ ಕಲತು ಬಂದು ಅಕ್ಕನ ತಲಿಗೆ ಅಂಟು ಹಚ್ಚಿ ಕೂಡಿಸಿದ್ಲು. ಚಂದ ಕಾಣತಿತ್ತು. ಎರಡು ತಿಂಗಳ ಮ್ಯಾಲ ತಗಿಯಾಕ ಕುಂತ್ರ ಬರವಲ್ದು! ಹಚ್ಚೂದು ಕಲಿಸಿದ್ರು, ತಗಿಯೂದು ಕಲಿಸಿರಲಿಲ್ಲ. ಕಡೀಕ ಕತ್ರಿ ಹಾಕಬೇಕಾತು. ಅಕ್ಕ ಇವತ್ತಿಗೂ ಆಕಿ ಜೋಡಿ ಸರಿಯಾಗಿ ಮಾತಾಡಂಗಿಲ್ಲ.

ಅದಕ್ಕ ತಂಗಿ ಮಗಳಿಗೆ ನಾಕು ಪ್ರಶ್ನೆ ಬರದು ಕೊಟ್ಟೆ. ಗೊಂಬಿ ಮ್ಯಾಲ ಅಷ್ಟೋ, ಮನುಷ್ಯರ ತಲಿ ಮ್ಯಾಲೂ ಮಾಡಸ್ತೀರೋ, ನನ್ನ ಕೈಯಿಂದ ಎಷ್ಟು ಸಲ? ತಗಿಯೂದು, ಮತ್ತ ಕೂಡಿಸೂದು ಇದ ರೊಕ್ಕದಾಗ ಕಲಿಸ್ತೀರೋ? ಯಾರಿಗೆ ಹಚ್ಚಬಾರದು ಅಂತ ಹೇಳಿಕೊಡ್ತೀರೋ? ಯಾಕಂದ್ರ ಬೇರು ಸೋತವರಿಗೆ, ಬಾಣಂತನದಾಗ ಕೂದಲಾ ಉದರತಿದ್ದವರಿಗೆ ಭಾರ ಕಟ್ಟಿದ್ರ ಕೆನ್ನಿಮ್ಯಾಲಿನ ಕೂದಲಾ ಹೊಕ್ಕಾವ. ವರ್ಷಗಟ್ಟಲೆ ಜಗ್ಗಿದ್ರ ಮರಳಿ ಬರದಿರಬಹುದು. ನಾಕನೇದು, ಕಲಿಯಾಕ ಬೇಕಾದ ಕೂದಲಾ, ಸಾಮಾನು ಫೀಜಿನಾಗ ಬರತಾವೋ?

ಆಕಿ ಕೇಳಿದ್ಲು. ತಗಿಯೂದು ಮುಂದಿನ ಕೋರ್ಸಿನಾಗ, ಅದಕ್ಕ ಬ್ಯಾರೆ ರೊಕ್ಕ ಅಂದ್ರಂತ. ಬಳಿ ಕೈಯಾಗ ಉಳೀತು.

ಈಗ ಆಕಿ ಬ್ಯೂಟಿ ಪಾರ್ಲರ್ ಕೆಲಸದ ಬುನಾದಿ ಕಲಿಯಾಕ ಅರ್ಜಿ ಹಾಕ್ಯಾಳ. 1982ರಾಗ ಉಜಿರೆಯೊಳಗ ಶುರುವಾದ ರುಡ್‌ಸೆಟ್ ಸಂಸ್ಥೆ, ಅದರ ಮಾದರಿಯಾಗ ಜಿಲ್ಲೆಗಳೊಳಗ ಬ್ಯಾಂಕುಗಳು ನಡೆಸೂ ಸ್ವ ಉದ್ಯೋಗ ತರಬೇತಿ ಕೇಂದ್ರಗಳು, ಇಲ್ಲೆಲ್ಲಾ ಊಟ ವಸತಿ ಸಮೇತ ಪುಕ್ಕಟೆ ಕಲಿಸ್ತಾರ. ಮೊದಲ ತಲಿ, ಕೂದಲಾ, ಕೈ ತಿಳಿಲಿ. ಎಕ್ಸ್‌ಟೆನ್ಷನ್ ಆಮ್ಯಾಲ, ಕಣ್ಣಾರೆ ನೋಡಿ, ಪಾರ್ಲರದಾಗ ದಿನಾ ಅದ ಕೆಲಸ ಮಾಡಾಕಿ ಹತ್ರ.

ಕಲತು ಬಂದ ದಿನ ನನ್ನ ತಲಿ ಸಾಲ ಕೊಡ್ತೀನಿ ಅಂದೇನಿ. ಆಕಿ ಕೂದಲಾ ಮುಟ್ಟಿ ನೋಡಿ, "ದೊಡ್ಡವ್ವ, ನಿನ್ನ ಕೂದಲಾ ತೆಳ್ಳಗ ಆಗೇತಿ, ನಿನಗ ಹಚ್ಚಂಗಿಲ್ಲ" ಅಂದ್ರ ಸಾಕು. ಹುಡುಗಿ ಕಲತಾಳ ಅಂತ ತಿಳಕೊಳ್ತೀನಿ.