ಶೇಕಡಾವಾರಿನಲ್ಲಿ ಸಿಗದ ಮಕ್ಕಳು

2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 96.8 ಫಲಿತಾಂಶ ಪಡೆದು ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲಾಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಕುಸಿಯಿತು, ಜಿಲ್ಲೆಯೂ ಬಹಳ ಕೆಳಗೆ ಜಾರಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸರ್ಕಾರಿ ಪ್ರೌಢಶಾಲೆಗಳು ಒಂದೇ ವರ್ಷದಲ್ಲಿ ಅಷ್ಟು ಕೆಟ್ಟವೇ? ಬದಲಾದದ್ದು ಅಳತೆಗೋಲು.

ಈ ತಾಲ್ಲೂಕುಗಳು ಅಂದು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಬೇರೆಯೇ ಲೆಕ್ಕ ಹಾಕಿತು: ಓದಿಗೆ, ಹುದ್ದೆಗೆ ಬಾರದೆ ಉಳಿದವರು ಯಾರು? ಅದು ಗುರುತಿಸಿದ ಹಿಂದುಳಿದವರಲ್ಲಿ ಮುಸ್ಲಿಮರೂ ಇದ್ದರು.

ಶಾಲೆಗಳನ್ನು ಹೋಲಿಸಲು ಇಂದಿಗೂ ಆ ಪ್ರಶ್ನೆಯೇ ಬೇಕು. ಎಂಟನೆಯ ತರಗತಿಗೆ ಸೇರಿ ಹತ್ತನೆಯದನ್ನು ಮುಟ್ಟದ ಹೆಣ್ಣುಮಕ್ಕಳೆಷ್ಟು? ಪರೀಕ್ಷೆಗೇ ಕೂರದ ಮಗು ಯಾವ ಶೇಕಡಾವಾರಿನಲ್ಲೂ ಸಿಗುವುದಿಲ್ಲ.