ಸಮ್ಮೇಳನದ ವೇಳಾಪಟ್ಟಿ: ಸರಳ ಪಠ್ಯದಿಂದ ಜಾಲಪುಟಕ್ಕೆ

ಸಭೆ, ಸಮ್ಮೇಳನ, ವಿಚಾರಗೋಷ್ಠಿಗಳ ಕಾರ್ಯಕ್ರಮವನ್ನು ಯಾವ ಅಲಂಕಾರವೂ ಇಲ್ಲದ ಸರಳ ಪಠ್ಯದ ಕಡತವೊಂದರಲ್ಲಿ ಸಾಲುಸಾಲಾಗಿ ಬರೆದಿಟ್ಟು, ಆ ಕಡತವನ್ನು ಒಂದು ಪ್ರೋಗ್ರಾಂ ಓದಿ, ದಿನ, ವೇಳೆ, ವೇದಿಕೆ, ವಿಷಯ, ವಕ್ತಾರರ ಹೆಸರು ಇವುಗಳನ್ನು ವಿಂಗಡಿಸಿ, ಜಾಲತಾಣದಲ್ಲಿ ಪ್ರಕಟಿಸಲು ತಕ್ಕ ಪುಟವಾಗಿ ಮಾರ್ಪಡಿಸುವ ಪದ್ಧತಿ. ಕಾರ್ಯಕ್ರಮದ ಸತ್ಯವು ಒಂದೇ ಸ್ಥಳದಲ್ಲಿರಬೇಕು, ಜಾಲಪುಟ, ಮುದ್ರಿತ ಪುಸ್ತಿಕೆ, ದಿನದರ್ಶಿಕೆ ಮುಂತಾದುವೆಲ್ಲವೂ ಅದರಿಂದ ಹುಟ್ಟತಕ್ಕವು ಎಂಬುದು ಈ ಪದ್ಧತಿಯ ಮೂಲತತ್ತ್ವ. ಹೀಗಿದ್ದಲ್ಲಿ ಗೋಷ್ಠಿಯೊಂದರ ವೇಳೆ ಬದಲಾದಾಗ ತಿದ್ದಬೇಕಾದುದು ಒಂದೇ ಸಾಲು. ಉಳಿದುದನ್ನು ಯಂತ್ರವೇ ಮಾಡುತ್ತದೆ.

ಹಿನ್ನೆಲೆ

1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಅದೇ ವರ್ಷ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನವನ್ನು ನೆರವೇರಿಸಿದಂದಿನಿಂದ ಕನ್ನಡಿಗರಿಗೆ ಕಾರ್ಯಕ್ರಮಪಟ್ಟಿಯ ಪರಿಚಿತ ರೂಪವೆಂದರೆ ಮುದ್ರಿತ ಆಹ್ವಾನ ಪತ್ರಿಕೆಯೇ. ಧ್ವಜಾರೋಹಣ, ಮೆರವಣಿಗೆ, ಉದ್ಘಾಟನೆ, ಗೋಷ್ಠಿಗಳು, ಕವಿಗೋಷ್ಠಿ, ಬಹಿರಂಗ ಅಧಿವೇಶನ ಎಂಬ ಕ್ರಮದಲ್ಲಿ ಸಾಗುವ ಈ ಪತ್ರಿಕೆ, ಹಿಂದಿನ ಕಾಲದಲ್ಲಿ, ಮೊಳೆ ಜೋಡಿಸಿ ಕರಡು ತಿದ್ದಿ ಒಮ್ಮೆ ಅಚ್ಚಾಯಿತೆಂದರೆ ಮತ್ತೆ ಬದಲಾಗುವಂತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಬಾರದೆ ಉಳಿದ ಭಾಷಣಕಾರರ ಸುದ್ದಿಯನ್ನು ವೇದಿಕೆಯ ಮೇಲಿಂದ ಧ್ವನಿವರ್ಧಕದಲ್ಲಿ ಸಾರುವುದೊಂದೇ ಉಪಾಯವಾಗಿದ್ದಿತು. ಪ್ರಧಾನ ವೇದಿಕೆಯ ಜೊತೆಗೆ ಸಮಾನಾಂತರ ವೇದಿಕೆಗಳೂ ಏರ್ಪಟ್ಟ ಮೇಲೆ, ಒಂದೇ ವೇಳೆಯಲ್ಲಿ ಎಲ್ಲೆಲ್ಲಿ ಏನೇನು ನಡೆಯುತ್ತದೆಂಬುದನ್ನು ಅಕ್ಕಪಕ್ಕದಲ್ಲಿ ತೋರಿಸುವ ಕೋಷ್ಟಕವೂ ಅವಶ್ಯವಾಯಿತು.

ಬರೆಹವನ್ನು ಸರಳ ಪಠ್ಯದಲ್ಲಿಟ್ಟು ಅದರ ರೂಪವನ್ನು ಯಂತ್ರಕ್ಕೆ ಬಿಡುವ ವಿಚಾರ ಜಾಲಕ್ಕಿಂತ ಬಹು ಹಿಂದಿನದು. 1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ರಚಿಸಿದ ರನ್‌ಆಫ್ ಎಂಬ ತಂತ್ರಾಂಶದಲ್ಲಿ ಪಠ್ಯದ ನಡುನಡುವೆ ಚುಕ್ಕಿಯಿಂದ ಆರಂಭವಾಗುವ ಆಜ್ಞಾಸಾಲುಗಳಿರುತ್ತಿದ್ದವು. ಅವು ಅಚ್ಚಿನಲ್ಲಿ ಕಾಣದೆ ಪುಟದ ವಿನ್ಯಾಸವನ್ನು ಮಾತ್ರ ನಿಯಂತ್ರಿಸುತ್ತಿದ್ದವು. ಅದರ ವಂಶದ ಟ್ರಾಫ್ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ವ್ಯವಸ್ಥೆಯೊಡನೆ ಬೆಳೆಯಿತು. ಒಂದು ಕಡತ ಬದಲಾದಾಗ ಅದನ್ನು ಅವಲಂಬಿಸಿದ ಕಡತಗಳನ್ನಷ್ಟೇ ಹೊಸದಾಗಿ ನಿರ್ಮಿಸುವ ಮೇಕ್ 1976ರಲ್ಲಿಯೂ, ಸಾಲುಗಳನ್ನು ಅಂಕಣಗಳಾಗಿ ಒಡೆದು ಸಂಸ್ಕರಿಸುವ ಆಕ್ 1977ರಲ್ಲಿಯೂ ಅಲ್ಲಿಯೇ ಹುಟ್ಟಿದವು. ವೇಳಾಪಟ್ಟಿಯ ಜಾಲಪುಟಕ್ಕೆ ಬೇಕಾದ ಉಪಕರಣಗಳು ಜಾಲವು ಹುಟ್ಟುವ ಮೊದಲೇ ಹೀಗೆ ಸಿದ್ಧವಾಗಿದ್ದವು.

ಜಾಲದ ಆಗಮನ

1991ರಲ್ಲಿ ವಿಶ್ವವ್ಯಾಪಿ ಜಾಲವು ಸಾರ್ವಜನಿಕವಾಯಿತು. ಅದನ್ನೇ ವಿಷಯವಾಗಿ ಉಳ್ಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1994ರ ಮೇ ತಿಂಗಳಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ನಡೆಯಿತು. ಆದರೆ ಜಾಲಪುಟಗಳನ್ನು ಬರೆಯುವ ಭಾಷೆಯಾದ ಆಗಿನ ಎಚ್‌ಟಿಎಂಎಲ್‌ನಲ್ಲಿ ಕೋಷ್ಟಕವನ್ನು ಬರೆಯುವ ಪ್ರಮಾಣೀಕೃತ ವಿಧಾನವಿರಲಿಲ್ಲ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಕೋಷ್ಟಕಗಳನ್ನು ತೋರಿಸತೊಡಗಿ, 1997ರ ಜನವರಿಯಲ್ಲಿ ಎಚ್‌ಟಿಎಂಎಲ್ 3.2 ಅವಕ್ಕೆ ಪ್ರಮಾಣದ ಮನ್ನಣೆಯನ್ನಿತ್ತ ಬಳಿಕ, ವೇಳೆಯನ್ನು ಎಡಗಡೆಯಲ್ಲಿಯೂ ವೇದಿಕೆಗಳನ್ನು ತಲೆಸಾಲಿನಲ್ಲಿಯೂ ಇಟ್ಟ ವೇಳಾಪಟ್ಟಿ ಜಾಲದ ಸಾಮಾನ್ಯ ದೃಶ್ಯವಾಯಿತು. ಅದನ್ನು ಕೈಯಿಂದ ಬರೆಯುವವನ ಪಾಡು ಮಾತ್ರ ಸುಖಕರವಾಗಿರಲಿಲ್ಲ. ಮುಕ್ಕಾಲು ಗಂಟೆಯ ಉಪನ್ಯಾಸವನ್ನು ಒಂದು ಗಂಟೆಗೆ ಹಿಗ್ಗಿಸಿದರೆ ಕೆಳಗಿನ ಮನೆಗಳೆಲ್ಲ ಪಲ್ಲಟಗೊಂಡು, ಎಷ್ಟು ಸಾಲುಗಳ ಎತ್ತರವೆಂಬ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕಾಗುತ್ತಿದ್ದಿತು.

ಎರಡು ಮಾರ್ಗಗಳು

ಈ ಕಷ್ಟದಿಂದ ಪಾರಾಗಲು ಎರಡು ಮಾರ್ಗಗಳು ರೂಢಿಗೆ ಬಂದವು. ಮೊದಲನೆಯದು ದತ್ತಸಂಚಯದ ಮಾರ್ಗ: ಪ್ರಬಂಧಗಳ ಸ್ವೀಕಾರದಿಂದ ಹಿಡಿದು ಸಭಾಂಗಣಗಳ ಹಂಚಿಕೆಯವರೆಗೆ ಎಲ್ಲವನ್ನೂ ಒಂದು ವ್ಯವಸ್ಥೆಯಲ್ಲಿಟ್ಟು ಅದರಿಂದಲೇ ಪುಟವನ್ನು ಪಡೆಯುವುದು. ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ ವಾರ್ಷಿಕ ಸಮಾವೇಶಕ್ಕಾಗಿ ಬೆಳೆದ ಪೆಂಟಾಬಾರ್ಫ್ ಇದಕ್ಕೆ ಪ್ರಸಿದ್ಧ ನಿದರ್ಶನ. ಬ್ರಸೆಲ್ಸಿನ ಫಾಸ್ಡೆಮ್ ಸಮ್ಮೇಳನವೂ ಅನೇಕ ವರ್ಷ ಅದನ್ನೇ ಬಳಸಿತು.

ಎರಡನೆಯದು ಸರಳ ಕಡತದ ಮಾರ್ಗ. ಭಾಷಾಸಂಸ್ಕರಣ ವಿದ್ವಾಂಸರ ಸಂಘವಾದ ಎಸಿಎಲ್ 2005ರ ತನ್ನ ಸಮ್ಮೇಳನದ ಕಾಲಕ್ಕೆ ಸಿದ್ಧಪಡಿಸಿಕೊಂಡ ಎಸಿಎಲ್‌ಪಬ್ ಎಂಬ ಸಾಧನಸಮೂಹದಲ್ಲಿ ಕಾರ್ಯಕ್ರಮದ ಅನುಕ್ರಮವು ಒಂದೇ ಪಠ್ಯಕಡತದಲ್ಲಿರುತ್ತಿದ್ದಿತು. ನಕ್ಷತ್ರಚಿಹ್ನೆಯಿಂದ ಆರಂಭವಾಗುವ ಸಾಲು ದಿನವನ್ನೂ, ಸಮಚಿಹ್ನೆಯಿಂದ ಆರಂಭವಾಗುವ ಸಾಲು ಗೋಷ್ಠಿಯನ್ನೂ ಸೂಚಿಸಿದರೆ, ಅಂಕಿಯಿಂದ ಆರಂಭವಾಗುವ ಸಾಲು ಆ ಸಂಖ್ಯೆಯ ಪ್ರಬಂಧವನ್ನು ಸೂಚಿಸುತ್ತಿದ್ದಿತು. ಪ್ರಬಂಧದ ಶೀರ್ಷಿಕೆಯನ್ನಾಗಲಿ ಲೇಖಕರ ಹೆಸರನ್ನಾಗಲಿ ಅಲ್ಲಿ ಮತ್ತೊಮ್ಮೆ ಬರೆಯಬೇಕಾದ ಅಗತ್ಯವಿರಲಿಲ್ಲ. ಸಂಖ್ಯೆಯೊಂದರ ಬಲದಿಂದಲೇ ಅವು ಬೇರೆಡೆಯಿಂದ ಬಂದು ಸೇರುತ್ತಿದ್ದವು. 2022ರ ಹೊತ್ತಿಗೆ ಇದರ ಉತ್ತರಾಧಿಕಾರಿಯಾಗಿ ಬಂದ ಸಾಧನವು ಅದೇ ಮಾಹಿತಿಯನ್ನು ಯಾಮೆಲ್ ಎಂಬ ಪಠ್ಯರೂಪದಲ್ಲಿಡುತ್ತದೆ.

ಈ ಮಾರ್ಗಕ್ಕೆ ಜನಸಾಮಾನ್ಯರ ಬಳಕೆಯನ್ನು ತಂದುಕೊಟ್ಟುದು ಹಗುರವಾದ ಬರೆಹಸಂಕೇತಗಳು. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್, 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ರಚಿಸಿದ, ಅಂತಹ ಪಠ್ಯವನ್ನು ಜಾಲಪುಟಗಳಾಗಿ ಮಾರ್ಪಡಿಸುವ ಜೆಕಿಲ್, ಅದೇ ವರ್ಷ ಜೆಕಿಲ್ ಕಡತಗಳನ್ನು ಉಚಿತವಾಗಿ ಜಾಲತಾಣವನ್ನಾಗಿಸತೊಡಗಿದ ಗಿಟ್‌ಹಬ್‌ನ ಸೇವೆ, ಇವು ಮೂರೂ ಕೂಡಿದುದರಿಂದ ಸಣ್ಣ ಸಂಘವೂ ಸರ್ವರ್ ನಡೆಸುವ ಹೊರೆಯಿಲ್ಲದೆ ವೇಳಾಪಟ್ಟಿಯನ್ನು ಪ್ರಕಟಿಸುವಂತಾಯಿತು. ಯಾರು, ಯಾವಾಗ, ಯಾವ ಸಾಲನ್ನು ಬದಲಿಸಿದರೆಂಬುದು ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ಉಳಿಯುವುದರಿಂದ, ‘ನನ್ನ ಉಪನ್ಯಾಸವನ್ನು ಮಧ್ಯಾಹ್ನಕ್ಕೆ ತಳ್ಳಿದವರು ಯಾರು?’ ಎಂಬ ಪ್ರಶ್ನೆಗೆ ಪ್ರಮಾಣಪೂರ್ವಕವಾದ ಉತ್ತರವೂ ದೊರೆಯುವಂತಾಯಿತು. ಎರಡು ಮಾರ್ಗಗಳು ಕಾಲಾನಂತರದಲ್ಲಿ ಕೂಡಿದುದೂ ಉಂಟು: ಫಾಸ್ಡೆಮ್ ತನ್ನ ದತ್ತಸಂಚಯದಿಂದ ವೇಳಾಪಟ್ಟಿಯನ್ನು ಎಕ್ಸ್‌ಎಂಎಲ್ ಕಡತವಾಗಿ ತೆಗೆದು, ಅದರಿಂದ ನಾನಾಕ್ ಎಂಬ ಸಾಧನದ ಮೂಲಕ ಸ್ಥಿರಪುಟಗಳನ್ನು ರಚಿಸಿತು.

ಕರ್ನಾಟಕದಲ್ಲಿ

ತಾಂತ್ರಿಕ ಸಮ್ಮೇಳನಗಳ ಪರಂಪರೆ ಬೆಂಗಳೂರಿನಲ್ಲಿ 2001ರ ‘ಲಿನಕ್ಸ್ ಬೆಂಗಳೂರು’ ಸಮಾವೇಶದಿಂದ ಬಲಗೊಂಡಿತು. 2005ರಲ್ಲಿ ‘ಫಾಸ್.ಇನ್’ ಎಂಬ ಹೆಸರನ್ನು ತಳೆದ ಆ ಸಮಾವೇಶ 2012ರವರೆಗೆ ನಡೆಯಿತು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯನ್ನು ಕುರಿತ ಪೈಕಾನ್ ಸಮ್ಮೇಳನ ಭಾರತದಲ್ಲಿ ಮೊದಲ ಬಾರಿಗೆ 2009ರ ಸೆಪ್ಟೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನೆರವೇರಿತು. ಉಪನ್ಯಾಸಗಳ ಪ್ರಸ್ತಾವಗಳನ್ನು ಸ್ವೀಕರಿಸಲು ಪೈಕಾನ್ ಬಳಗವು ಜಂಕ್ಷನ್ ಎಂಬ ತಂತ್ರಾಂಶವನ್ನೂ, ಬೆಂಗಳೂರಿನ ಹ್ಯಾಸ್‌ಗೀಕ್ ಸಂಸ್ಥೆಯು ಫನೆಲ್ ಎಂಬುದನ್ನೂ ನಿರ್ಮಿಸಿದವು. ಇವೆರಡೂ ಮುಕ್ತ ತಂತ್ರಾಂಶಗಳೇ, ಆದರೆ ದತ್ತಸಂಚಯದ ಮಾರ್ಗಕ್ಕೆ ಸೇರಿದವು.

ಕನ್ನಡ ಪಠ್ಯದ ಪ್ರಶ್ನೆ

‘ಸರಳ ಪಠ್ಯ’ವೆಂಬುದು ಇಂಗ್ಲಿಷಿಗೆ ಎಷ್ಟು ಸರಳವೋ ಕನ್ನಡಕ್ಕೆ ಬಹುಕಾಲ ಅಷ್ಟು ಸರಳವಾಗಿರಲಿಲ್ಲ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದ ಮಹೋಪಕಾರಿಗಳಾದರೂ, ಅವುಗಳ ಅಂದಿನ ಕಡತಗಳಲ್ಲಿ ಅಕ್ಷರಗಳ ಬದಲು ಅಕ್ಷರದ ತುಂಡುಗಳ ಆಕೃತಿಗಳು ರೋಮನ್ ಲಿಪಿಯ ಸ್ಥಾನಗಳಲ್ಲಿ ಕುಳಿತಿರುತ್ತಿದ್ದವು. ತಕ್ಕ ಫಾಂಟ್ ಇಲ್ಲದ ಗಣಕದಲ್ಲಿ ಅಂತಹ ಕಡತವನ್ನು ತೆರೆದರೆ ‘ಕನ್ನಡ’ವೆಂಬ ಪದದ ನಡುವೆಯೇ ಬ್ರಿಟಿಷ್ ಪೌಂಡಿನ ಚಿಹ್ನೆ ಗೋಚರಿಸುತ್ತಿದ್ದಿತು. ಇಂತಹ ಪಠ್ಯವನ್ನು ಪ್ರೋಗ್ರಾಂ ಓದಿ ಗೋಷ್ಠಿಗಳನ್ನು ಅಕಾರಾದಿಯಾಗಿ ಜೋಡಿಸುವುದು ದುಸ್ಸಾಧ್ಯವಾಗಿದ್ದಿತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ತಮ್ಮದೇ ಸಂಕೇತಗಳನ್ನು ನೀಡುವ ಯುನಿಕೋಡ್ ಪ್ರಮಾಣದ 1991ರ ಪ್ರಥಮಾವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಅದು ಜನರ ಗಣಕಗಳಲ್ಲಿ ಕಾಣಿಸಿದುದು 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂದ ಮೇಲೆ.

ಯುನಿಕೋಡಿನಿಂದಲೂ ಎಲ್ಲ ತೊಡಕುಗಳು ನೀಗಲಿಲ್ಲ. ವೇಳಾಪಟ್ಟಿಯಲ್ಲಿ ಪದೇ ಪದೇ ಬರುವ ‘ಗೋಷ್ಠಿ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಅದರ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಎರಡೂ ತೆರೆಯ ಮೇಲೆ ಒಂದೇ ಆಗಿ ಕಂಡರೂ ಬೈಟುಗಳನ್ನು ಹೋಲಿಸುವ ಪ್ರೋಗ್ರಾಮಿಗೆ ಅವು ಎರಡು ಬೇರೆ ಪದಗಳು. ಆದುದರಿಂದ ಪಠ್ಯವನ್ನು ಮೊದಲು ಏಕರೂಪಕ್ಕೆ ತರದಿದ್ದರೆ ‘ಗೋಷ್ಠಿ’ಗಳನ್ನು ಹುಡುಕುವವನಿಗೆ ಅರ್ಧ ಗೋಷ್ಠಿಗಳು ಮಾತ್ರ ಸಿಕ್ಕಾವು. ಅಂಕಿಗಳದೂ ಇದೇ ಕಥೆ. ಕನ್ನಡದ ಅಂಕಿಗಳಿಗೂ ಅಂತರರಾಷ್ಟ್ರೀಯ ಅಂಕಿಗಳಿಗೂ ಸಂಕೇತಸ್ಥಾನಗಳು ಬೇರೆಯಾದ್ದರಿಂದ, ಒಬ್ಬ ಸ್ವಯಂಸೇವಕ ‘೯:೩೦’ ಎಂದೂ ಇನ್ನೊಬ್ಬ ‘10:30’ ಎಂದೂ ಬರೆದರೆ, ಕೇವಲ ಅಕ್ಷರಕ್ರಮದಲ್ಲಿ ಜೋಡಿಸುವ ಪ್ರೋಗ್ರಾಂ ಬೆಳಗಿನ ಪ್ರಾರ್ಥನೆಯನ್ನು ದಿನದ ಕೊನೆಗೆ ಒಯ್ದು ಇಡುತ್ತದೆ. ಎಲ್ಲವನ್ನೂ ಒಂದೇ ಬಗೆಯ ಅಂಕಿಗಳಲ್ಲಿ, ‘09:30’ ಎಂಬಂತೆ ಸೊನ್ನೆ ಸೇರಿಸಿ ಬರೆಯುವುದೇ ಪರಿಹಾರ.

ದಿನದರ್ಶಿಕೆಯ ಕಡತದಲ್ಲಿಯೂ ಸೂಕ್ಷ್ಮವೊಂದುಂಟು. 1998ರಲ್ಲಿ ಮೊದಲು ಪ್ರಕಟವಾಗಿ 2009ರಲ್ಲಿ ಪರಿಷ್ಕೃತವಾದ ಐಕ್ಯಾಲೆಂಡರ್ ಪ್ರಮಾಣವು, ಪಠ್ಯದ ಒಂದು ಸಾಲು 75 ಬೈಟುಗಳನ್ನು ಮೀರದಂತೆ ಮಡಿಸಬೇಕೆಂದು ಸೂಚಿಸುತ್ತದೆ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟುಗಳನ್ನು ಆಕ್ರಮಿಸುವುದರಿಂದ 25 ಸಂಕೇತಗಳಿಗೇ ಸಾಲು ತುಂಬುತ್ತದೆ. ಎಚ್ಚರವಿಲ್ಲದೆ ಮಡಿಸಿದ ಪ್ರೋಗ್ರಾಂ ಅಕ್ಷರದ ನಡುಮಧ್ಯದಲ್ಲಿಯೇ ಕತ್ತರಿಯಾಡಿಸಿಬಿಡುವುದುಂಟು.

ವೇಳೆಯ ಪ್ರಶ್ನೆ

ಸಮ್ಮೇಳನಗಳು ಜಾಲದ ಮೂಲಕವೇ ನಡೆಯತೊಡಗಿದ ಮೇಲೆ, ವೇಳೆಯನ್ನು ಬರೆದವನ ಊರು ಯಾವುದೆಂಬುದೂ ಮುಖ್ಯವಾಯಿತು. ಕನ್ನಡವೂ ಸೇರಿದಂತೆ ದ್ರಾವಿಡ ಭಾಷೆಗಳ ತಂತ್ರಜ್ಞಾನವನ್ನು ಕುರಿತ ಕಾರ್ಯಾಗಾರವು 2021ರಲ್ಲಿ ಕೀವ್ ನಗರಕ್ಕೆ ನಿಗದಿಯಾಗಿದ್ದ ಸಮ್ಮೇಳನದ ಅಂಗವಾಗಿ ಜಾಲದಲ್ಲಿ ನಡೆಯಿತು. 2022ರಲ್ಲಿ ಡಬ್ಲಿನ್ ಸಮ್ಮೇಳನದ ಅಂಗವಾಯಿತು. ಭಾರತದಲ್ಲಿ ಕುಳಿತ ಕನ್ನಡಿಗನೊಬ್ಬ ಅಂತಹ ಗೋಷ್ಠಿಯನ್ನು ಆಲಿಸಬಯಸಿದನೆಂದರೆ, ಬೇಸಗೆಯ ದಿನಗಳಲ್ಲಿ ಕೀವ್‌ನ ಬೆಳಗಿನ 10 ಗಂಟೆ ಅವನಿಗೆ ಮಧ್ಯಾಹ್ನ 12:30, ಡಬ್ಲಿನ್‌ನ 10 ಗಂಟೆ 2:30. ಭಾರತದ ಕಾಲಮಾನದಲ್ಲಿ ಅರ್ಧಗಂಟೆಯ ಅಂತರವಿರುವುದರಿಂದ, ಪೂರ್ಣಗಂಟೆಗಳನ್ನಷ್ಟೇ ಎಣಿಸುವ ಪ್ರೋಗ್ರಾಂ ಅವನನ್ನು 30 ನಿಮಿಷ ಮುಂಚೆಯೋ ತಡವಾಗಿಯೋ ಸಭೆಗೆ ತಲುಪಿಸುತ್ತದೆ. ಕಾಲವಲಯದ ಹೆಸರನ್ನು ಮೂಲ ಕಡತದಲ್ಲಿ ಒಮ್ಮೆ ನಮೂದಿಸಿ ಪರಿವರ್ತನೆಯನ್ನು ಓದುಗನ ಗಣಕಕ್ಕೆ ಬಿಡುವುದೇ ಇದಕ್ಕೆ ಯುಕ್ತವಾದ ಕ್ರಮವೆನಿಸಿದೆ.

ವಿಮರ್ಶೆ

ನೂರಾರು ಪ್ರಸ್ತಾವಗಳು, ಹತ್ತಾರು ಪರಿಶೀಲಕರು ಇರುವ ಮಹಾಸಮ್ಮೇಳನಕ್ಕೆ ಸರಳ ಕಡತವೊಂದೇ ಸಾಲದು. ಒಬ್ಬ ವಕ್ತಾರನನ್ನು ಒಂದೇ ವೇಳೆಯಲ್ಲಿ ಎರಡು ವೇದಿಕೆಗಳಿಗೆ ನೇಮಿಸಿದರೂ ಕಡತವು ತಾನಾಗಿ ಆಕ್ಷೇಪಿಸುವುದಿಲ್ಲ. ಆದರೆ ಸಮ್ಮೇಳನ ಮುಗಿದು, ಸಮಿತಿಗಳು ವಿಸರ್ಜನೆಗೊಂಡು, ಬಾಡಿಗೆಯ ಸರ್ವರ್ ಸ್ತಬ್ಧವಾದ ಮೇಲೆ ದತ್ತಸಂಚಯದಿಂದ ಕ್ಷಣಕ್ಷಣಕ್ಕೂ ಹುಟ್ಟುತ್ತಿದ್ದ ಪುಟಗಳು ಅದರೊಡನೆಯೇ ಅಳಿದುಹೋಗುತ್ತವೆ. ಪಠ್ಯಕಡತವನ್ನಾದರೋ ಯಾವ ತಂತ್ರಾಂಶದ ಹಂಗೂ ಇಲ್ಲದೆ ಯಾರು ಬೇಕಾದರೂ ತೆರೆದು, ಅಂದು ಯಾವ ವೇದಿಕೆಯಲ್ಲಿ ಯಾರು ಏನನ್ನು ಕುರಿತು ಮಾತನಾಡಿದರೆಂಬುದನ್ನು ಓದಬಹುದು.